ಸೇತುವೆಯ ಮೇಲೆ ನಿಂತ ಮಂದಿ

ತಾಯಪ್ಪ ಮಾಡಿದ ತಪ್ಪು ಒಂದೇ. ಸಿನಿಮಾಕ್ಕೆ ಭಂಡಾರ ಹಚ್ಚಿದ.

ಆ ಒಂದು ಚಿಟಿಕೆ ಅರಿಶಿನದ ಪುಡಿಗಾಗಿ ಅವನು ಮೂರು ವರ್ಷಕ್ಕೆ ನಾಲ್ಕು ತಿಂಗಳು ಕಡಿಮೆ, ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾಯಿತು. ಬೇರೆ ಯಾರಾದರೂ ಆಗಿದ್ದರೆ ವಾರದಲ್ಲಿ ಮರೆತು ಮೈ ಕೊಡವಿಕೊಳ್ಳುತ್ತಿದ್ದರು. ತಾಯಪ್ಪ ಮರೆಯುವ ಪೈಕಿ ಅಲ್ಲ.

ತೆಲಂಗಾಣದ ಗಡಿಯಲ್ಲಿ, ಮಾಗನೂರಿನಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ಸಣ್ಣ ಊರು ಅವನದು. ಮನೆಯೊಳಗೆ ಕನ್ನಡ, ಬಸ್ಸು ಹತ್ತಿದರೆ ತೆಲುಗು, ಕಚೇರಿಯ ಕಾಗದದಲ್ಲಿ ಇನ್ನೂ ಅಷ್ಟಿಷ್ಟು ಉರ್ದು. ಕುರಿ ಕಾಯುವುದು ಹೊಟ್ಟೆಪಾಡಾದರೆ ಕುರುಬರ ದೇವರು ಬೀರಪ್ಪನ ಕಥೆ ಹೇಳುವುದು ಮನೆತನದ ಪಾಡು. ಅಜ್ಜ ಹೇಳಿದ್ದ, ಅಪ್ಪ ಹೇಳಿದ್ದ. ತಾಯಪ್ಪ ದನಿ ಎತ್ತಿದನೆಂದರೆ ಹೊಳೆಯಾಚೆಯ ರಾಯಚೂರು ಸೀಮೆಯವರೂ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಿದ್ದರು. ಪಕ್ಕದಲ್ಲಿ ಗೆಳೆಯ ಸಾಯಣ್ಣ. ಡೊಳ್ಳು ಬಾರಿಸುವವನೂ ಅವನೇ, ಹೂಂಗುಟ್ಟುವವನೂ ಅವನೇ. ಕಥೆಗಾರ ಒಂದು ಮಾತು ಮುಗಿಸಿದಾಗ ‘ಹೂಂ’ ಅನ್ನುವವನೊಬ್ಬ ಇರದಿದ್ದರೆ ಕಥೆ ಮುಂದಿನ ಹೆಜ್ಜೆ ಇಡುವುದಿಲ್ಲ. ಸಾಯಣ್ಣ ನಲವತ್ತು ವರ್ಷ ಹೂಂ ಅಂದಿದ್ದ. ಬೀರಪ್ಪ ಹುಟ್ಟಿದಾಗಿನ ಹೂಂ ಬೇರೆ, ಬೀರಪ್ಪನನ್ನು ಕಾಡಿಗೆ ಬಿಟ್ಟಾಗಿನ ಹೂಂ ಬೇರೆ. ಅದನ್ನು ಕೇಳಿಯೇ ಹೆಂಗಸರು ಸೆರಗಿಗೆ ಕಣ್ಣೊತ್ತುತ್ತಿದ್ದರು.

ಈ ಕೆಲಸಕ್ಕೆ ಒಂದು ಕಟ್ಟು ಇದೆ. ಕರಿಕಂಬಳಿ ಹಾಸಿ, ಭಂಡಾರ ಹಚ್ಚಿ, ದೇವರನ್ನು ಕರೆದು ಕೂರಿಸಿದ ಮೇಲೆ ಮಂಗಳ ಹಾಡುವ ತನಕ ಕಥೆ ನಿಲ್ಲಬಾರದು. ನಿಂತಿತೋ, ಕಥೆಗಾರ ಇನ್ನೊಂದು ಕಥೆಗೆ ಬಾಯಿ ತೆರೆಯುವಂತಿಲ್ಲ. ಯಾರು ನಿಲ್ಲಿಸಿದರೋ ಅವರೇ ಬಂದು ಕಂಬಳಿಯ ಅಂಚಿಗೆ ಕೂತು, ನಿಂತಲ್ಲಿಂದ ಮುಂದಕ್ಕೆ ಹೂಂ ಅನ್ನಬೇಕು. ತಾಯಪ್ಪನ ಅಪ್ಪನ ಕಾಲದಲ್ಲಿ, ಇನ್ನೂ ನಿಜಾಮರು ಆಳುತ್ತಿದ್ದಾಗ, ಒಬ್ಬ ಪಟೇಲ ಕುದುರೆ ಓಡಿಸಿಕೊಂಡು ಬಂದು ಕಥೆ ಕೆಡಿಸಿದ್ದನಂತೆ. ಜನರ ಬೆನ್ನ ಮೇಲೆ ಚಾಟಿ ಆಡಿಸುತ್ತಿದ್ದ ಮನುಷ್ಯ. ಅಂಥವನೂ ಮಾರನೆಯ ದಿನ ಚಪ್ಪಲಿ ದೂರ ಬಿಟ್ಟು, ತೆಂಗಿನಕಾಯಿ ಹಿಡಿದು ಬಂದು ಕೂತು ಕೊನೆಯ ತನಕ ಹೂಂ ಅಂದನಂತೆ. ದುಷ್ಟನಿಗೂ ಒಂದು ಅಂಜಿಕೆ ಇದ್ದ ಕಾಲ ಅದು.

ಎರಡು ಸಾವಿರದ ಹನ್ನೊಂದರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಎಲ್ಲರೂ ಮುಷ್ಕರ ಹೂಡಿದರಲ್ಲ, ಆ ಅಕ್ಟೋಬರಿನ ಮಾತು. ಬಸ್ಸಿಲ್ಲ, ಶಾಲೆಯಿಲ್ಲ, ಕಚೇರಿಗಳ ಬಾಗಿಲು ಮುಚ್ಚಿದ್ದವು. ಊರಿನ ಆಲದ ಮರದ ಕೆಳಗೆ ಡೇರೆ ಹಾಕಿ ದಿನಕ್ಕೆ ಹತ್ತು ಜನರಂತೆ ಉಪವಾಸ ಕೂರುತ್ತಿದ್ದರು. ನಾರಾಯಣಪೇಟೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಖಿಲಾ, ತಾಯಪ್ಪನ ತಂಗಿಯ ಮಗಳು, ಊರಿಗೆ ಬಂದಿದ್ದಳು. ಬರುವಾಗ ಶಾಲೆಯವರನ್ನು ಕೇಳಿ ಪ್ರೊಜೆಕ್ಟರ್ ತಂದಿದ್ದಳು, ಜೊತೆಗೆ ಒಂದು ಸಿನಿಮಾದ ಡಿಸ್ಕು. ಆಫ್ರಿಕಾದ ಒಂದು ನಾಡು ಬಿಳಿಯರ ಕೈಯಿಂದ ಬಿಡಿಸಿಕೊಂಡು ತನ್ನ ಕಾಲ ಮೇಲೆ ನಿಂತ ಕಥೆ. ಮೂರು ಗಂಟೆಗೂ ಮಿಕ್ಕ ದೊಡ್ಡ ಚಿತ್ರ. ಅವರ ಮಾತು ನಮಗೆ ತಿಳಿಯದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಊರಿನಲ್ಲಿ ಅಖಿಲಾ ಒಬ್ಬಳನ್ನು ಬಿಟ್ಟರೆ ಯಾರಿಗೂ ಹತ್ತದು.

“ಮಾವಾ, ನಾ ಕಿವ್ಯಾಗ ಅರ್ಥ ಹೇಳ್ತೀನಿ, ನೀ ಮಂದಿಗಿ ಹೇಳು” ಅಂದಳು.

“ಸಿನಿಮಾ ಹೇಳಾಕ ನಾ ಏನ್ ಮಕ್ತಲ್ ಟಾಕೀಸಿನಾವನೇನ?”

“ಅವರೂ ದನ ಕಾಯಾವ್ರ ಮಾವಾ. ಅವರ ಗುಡ್ಡಕ್ಕ ಬ್ಯಾಲಿ ಹಾಕ್ಯಾರ.”

ತಾಯಪ್ಪ ಹೆಂಡತಿ ಕುರುಮಮ್ಮನಿಗೆ ಹೇಳಿದ. “ಮಂದಿ ಸಂಕಟದ ಕಥಿ ಬಾಯಿಗಿ ಬಂದಂಗ ಹೇಳಾಕ ಬರಾದಿಲ್ಲ. ಕಂಬಳಿ ತಾ, ಭಂಡಾರದ ಚೀಲ ತಾ.”

“ಸಿನಿಮಾಕ್ಕ ಯಾರರ ಭಂಡಾರ ಹಚ್ತಾರೇನು? ಹುಚ್ಚು ಹಿಡಿದೈತೇನು ನಿನಗ?”

ಹಿಡಿದಿತ್ತು ಅಂತಲೇ ಇಟ್ಟುಕೊಳ್ಳಿ. ದೀಪ ಹಚ್ಚುವ ಹೊತ್ತಿಗೆ ಡೇರೆಯ ಮುಂದೆ ಬಿಳಿ ಚಾದರ ಕಟ್ಟಿದ್ದರು. ತಾಯಪ್ಪ ಕಂಬಳಿ ಹಾಸಿ, ಚಾದರದ ಮೂಲೆಗೆ ಭಂಡಾರ ಒತ್ತಿ, ಬೀರಪ್ಪನನ್ನು ಕರೆದು ಕೂರಿಸಿದ. ಸಾಯಣ್ಣ ಡೊಳ್ಳು ಮುಟ್ಟಿ ಹಣೆಗೆ ಹಚ್ಚಿಕೊಂಡ. ಆ ಕ್ಷಣಕ್ಕೆ ಅದು ಸಿನಿಮಾ ಆಗಿ ಉಳಿಯಲಿಲ್ಲ, ಕಥೆಯಾಯಿತು. ಕಥೆಯ ಕಟ್ಟು ಪೂರ್ತಿ ತಾಯಪ್ಪನ ಹೆಗಲ ಮೇಲೆ ಬಿತ್ತು.

ಪರದೆಯ ಮೇಲೆ ಮೊದಲು ಕಂಡವನು ಒಬ್ಬ ದನಗಾಹಿ. ಕೋಲನ್ನು ಎರಡೂ ಹೆಗಲ ಮೇಲೆ ಅಡ್ಡ ಹಾಕಿ, ಎರಡೂ ಕೈ ಅದರ ಮೇಲೆ ಜೋತುಬಿಟ್ಟು ನಿಂತಿದ್ದ. ನಮ್ಮ ಕುರಿಗಾರರು ನಿಲ್ಲುವುದೂ ಹಾಗೆಯೇ. ಕೂತವರೆಲ್ಲ ಒಮ್ಮೆಗೇ “ಏ, ನಮ್ಮಾವ!” ಅಂದುಬಿಟ್ಟರು. ಮುಂದೆ ಯಾರನ್ನೂ ಹಿಡಿದು ಕೂರಿಸಬೇಕಾಗಲಿಲ್ಲ. ಗುಡಿಸಲಿಗೆ ಇಷ್ಟು ಅಂತ ಬಿಳಿಯರು ತೆರಿಗೆ ಹಾಕಿದರು, ಕೊಡದವರನ್ನು ರೈಲು ದಾರಿಗೆ ಕಲ್ಲು ಒಡೆಯಲು ಎಳೆದೊಯ್ದರು. ತೆರಿಗೆ ಕೊಡದವರ ಹೆಸರು ಬರೆದುಕೊಡಲು ಒಬ್ಬ ಗುಮಾಸ್ತ ಇದ್ದ. ಅದೇ ಊರಿನವನು, ಅದೇ ಬಣ್ಣದವನು, ಖಾಕಿ ಚಡ್ಡಿ, ತಲೆಗೆ ಎತ್ತರದ ಟೋಪಿ. ತಾಯಪ್ಪ ಅವನಿಗೆ ಅಲ್ಲೇ ನಾಮಕರಣ ಮಾಡಿದ. “ಇವ ಅವರ ಪಟ್ವಾರಿ ನೋಡ್ರಿ. ಮೈ ನಮ್ದು, ಕಲಮು ಅವರ್ದು.” ಪಟ್ವಾರಿ ಕಂಡಾಗಲೆಲ್ಲ ಜನ ನಕ್ಕರು, ಬೈದರು, ಒಬ್ಬ ಮುದುಕಿ ಎದ್ದು ಮಣ್ಣು ತೂರಿದಳು.

ಎರಡು ಗಂಟೆ ಕಳೆಯಿತು. ಸಾವಿರಾರು ಜನ ರಾಜಧಾನಿಗೆ ಹೊರಟರು. ನಡುವೆ ಒಂದು ಹೊಳೆ, ಹೊಳೆಗೊಂದು ಉದ್ದನೆಯ ಸೇತುವೆ. ಸೇತುವೆಯ ಆ ತುದಿಯಲ್ಲಿ ಬಂದೂಕು ಏರಿಸಿದ ಸಿಪಾಯಿಗಳು. ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬ ತಾಯಿ ಎಲ್ಲರಿಗಿಂತ ಮುಂದೆ ಹೆಜ್ಜೆ ಇಟ್ಟಳು. ಹಿಂದೆ ಎಲ್ಲರೂ ಇಟ್ಟರು. ತಾಯಪ್ಪನ ದನಿ ಏರಿತು, ಸಾಯಣ್ಣನ ಡೊಳ್ಳು ಏರಿತು. ಸಿಪಾಯಿಗಳ ಸಾಹೇಬ ಕೈ ಎತ್ತಿದ. ಪರದೆ ಕಪ್ಪಾಯಿತು.

ಕರೆಂಟು ಹೋಯಿತೆಂದುಕೊಂಡರು. ಹೋಗಿರಲಿಲ್ಲ. ಒಬ್ಬ ಅಧಿಕಾರಿ ಬಂದು ವೈರು ಕಿತ್ತಿದ್ದ.

ಅಂಜನಕುಮಾರ್ ಅಂತ ಅವನ ಹೆಸರು. ಇಲಾಖೆ ಯಾವುದಾದರೇನು, ಕುರ್ಚಿಯಲ್ಲಿ ಕೂರುವ ಠೀವಿ ಎಲ್ಲ ಕಡೆಯೂ ಒಂದೇ. ಜೊತೆಯ ನೌಕರರೆಲ್ಲ ಮುಷ್ಕರದಲ್ಲಿದ್ದಾಗ ಈತನೊಬ್ಬ ಜೀಪು ಹತ್ತಿ ಊರೂರು ತಿರುಗುತ್ತಿದ್ದ. ಬೆಳಿಗ್ಗೆ ಡೇರೆಗಳಿಗೆ ಬಂದು ಕುಶಲ ಕೇಳುವುದು, ಸಂಜೆ ಯಾವ ಡೇರೆಯಲ್ಲಿ ಯಾರಿದ್ದರು ಅಂತ ಮೇಲಿನವರಿಗೆ ಒಪ್ಪಿಸುವುದು. ಹುಟ್ಟಿದ್ದು ಇದೇ ಸೀಮೆಯಲ್ಲಿ. ಅದನ್ನು ನೆನೆದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

“ಆಫ್ರಿಕಾದವರನ್ನು ತೋರಿಸಿ ಇಲ್ಲಿ ಗಲಾಟೆ ಎಬ್ಬಿಸುತ್ತೀರಾ? ಯಾರ ಪರ್ಮಿಷನ್ ತಗೊಂಡಿದ್ದೀರಿ?” ಅಂತ ತೆಲುಗಿನಲ್ಲಿ ಗದರಿದ. “ನಿಮ್ಮ ಮನೆಮಾತು ಕನ್ನಡ. ನಿಮಗ್ಯಾಕೆ ತೆಲಂಗಾಣದ ಉಸಾಬರಿ?”

ಇದೇ ಹೊಳೆ ನೀರು ಕುಡಿದು, ಇದೇ ಬಿಸಿಲಿಗೆ ಒಣಗಿದವರಿಗೆ ಹೇಳುವ ಮಾತೇ ಅದು? ಡೇರೆಯಲ್ಲಿ ಹಸಿದು ಕೂತಿದ್ದವರು ಎದ್ದು ನಿಂತರು. ತಾಯಪ್ಪ ಕೈ ಅಡ್ಡ ಮಾಡಿದ. ಅವನಿಗೆ ಆಗ ತೆಲಂಗಾಣವೂ ನೆನಪಿರಲಿಲ್ಲ.

“ಸಾಹೇಬ್ರ, ಬೈಯಾದು ಆಮ್ಯಾಲ ಬೈರಿ. ಮದ್ಲ ಕಥಿ ಮುಗೀಲಿ. ಮಂದಿ ಸೇತುವಿ ಮ್ಯಾಲ ನಿಂತಾರ.”

ಅಂಜನಕುಮಾರ್ ನಕ್ಕ. ಡಿಸ್ಕು ತೆಗೆದು ಜೇಬಿಗೆ ಹಾಕಿಕೊಂಡ, ಪ್ರೊಜೆಕ್ಟರನ್ನು ಜೀಪಿಗೆ ಏರಿಸಿದ. ಸಣ್ಣ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕೇಳಿ ಹೆಸರು ಬರೆದ. ತಾಯಪ್ಪ ಜೀಪಿಗೆ ಅಡ್ಡ ನಿಂತು ಕಟ್ಟು ಏನೆಂದು ವಿವರಿಸಿದ. ಭಂಡಾರ, ಕಂಬಳಿ, ಹೂಂ, ಅಪ್ಪನ ಕಾಲದ ಪಟೇಲ, ಎಲ್ಲ. ಕೈಮುಗಿದು. ಅಧಿಕಾರಿ ಕೇಳಿಸಿಕೊಂಡು ಡ್ರೈವರನಿಗೆ ಹಾರ್ನ್ ಒತ್ತಲು ಹೇಳಿದ.

ಅವತ್ತಿನಿಂದ ತಾಯಪ್ಪನ ಬಾಯಿ ಕಟ್ಟಿತು. ಅಖಿಲಾ ಎಷ್ಟೋ ಸಲ ಹೇಳಿದಳು. “ಮಾವಾ, ಮುಂದಿಂದು ನನಗ ಗೊತ್ತೈತಿ. ಹೇಳ್ತೀನಿ, ನೀ ಮುಗಿಸಿಬಿಡು. ಇಲ್ಲಾಂದ್ರ ಹೈದರಾಬಾದಿಂದ ಇನ್ನೊಂದು ಡಿಸ್ಕು ತರಸ್ತೀನಿ.” ತಾಯಪ್ಪ ಒಪ್ಪಲಿಲ್ಲ. ನಿಲ್ಲಿಸಿದವನು ಬಂದು ಕೂರದೆ ಒಂದು ಅಕ್ಷರವೂ ಬೇಡ. ಕಿವಿಗೂ ಬೇಡ, ಬಾಯಿಗೂ ಬೇಡ. ಅಖಿಲಾ ಅತ್ತೆಯ ಮುಖ ನೋಡಿದಳು. “ನನ್ನ ನೋಡಿ ಏನ್ ಮಾಡ್ತಿ? ಭಂಡಾರ ಹಚ್ಚುವಾಗ ನನ್ನ ಮಾತು ಕೇಳಿದ್ನೇನು?” ಅಂದಳು ಕುರುಮಮ್ಮ.

ಮಕ್ತಲ್‌ನಲ್ಲಿದ್ದ ಕಚೇರಿಗೆ ತಾಯಪ್ಪ ಹೋದ. ಸಾಹೇಬರು ಮೀಟಿಂಗಿನಲ್ಲಿದ್ದರು. ಮತ್ತೆ ಹೋದ, ಮತ್ತೆ ಮೀಟಿಂಗು. ಅಷ್ಟೊಂದು ಕೂಡಿ ಕೂತು ಏನು ಮಾತಾಡುತ್ತಾರೋ, ಒಂದು ಕಥೆ ಮುಗಿಸುವಷ್ಟು ಹೊತ್ತು ಮಾತ್ರ ಯಾರಿಗೂ ಇಲ್ಲ. ಅಧಿಕಾರಿಗೆ ಗದ್ವಾಲಕ್ಕೆ ವರ್ಗವಾಯಿತು. ತಾಯಪ್ಪ ಕುರಿಗಳನ್ನು ಅಳಿಯನಿಗೆ ಒಪ್ಪಿಸಿ ಅಲ್ಲಿಗೂ ಬಸ್ಸು ಹತ್ತಿದ. ಹೆಗಲಲ್ಲಿ ಕಂಬಳಿ, ಚೀಲದಲ್ಲಿ ತೆಂಗಿನಕಾಯಿ. ಪಟೇಲನಾದರೆ ತಾನೇ ತಂದಿದ್ದ, ಈ ಮನುಷ್ಯನಿಗೆ ಕಾಯಿಯನ್ನೂ ನಾವೇ ಒಯ್ಯಬೇಕು. ಮಧ್ಯಾಹ್ನ ಮೂರಕ್ಕೆ ಒಳಗೆ ಬಿಟ್ಟರು.

“ಮತ್ತೆ ಬಂದೆಯಾ? ಆ ಡಿಸ್ಕು ಎಲ್ಲಿ ಹೋಯಿತೋ ನನಗೇನು ಗೊತ್ತು? ಅಂಥವು ಹತ್ತು ಕೊಡಿಸುತ್ತೀನಿ, ಹೋಗು.”

“ಡಿಸ್ಕು ಬ್ಯಾಡ್ರಿ ಸಾಹೇಬ್ರ. ನೀವು ಬೇಕ್ರಿ. ಒಂದು ತಾಸು ಬಂದು ಕಂಬಳಿ ಮ್ಯಾಲ ಕುಂದ್ರಿ, ಹೂಂ ಅನ್ರಿ. ಅಷ್ಟ.”

ಅಧಿಕಾರಿ ಪಕ್ಕದ ಗುಮಾಸ್ತನ ಕಡೆ ತಿರುಗಿ, ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದ. ಗುಮಾಸ್ತ ಹಲ್ಲು ಕಿರಿದ. ತಾಯಪ್ಪ ಕಾಯಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಹುಚ್ಚ ಅನ್ನಿಸಿಕೊಂಡದ್ದಕ್ಕಲ್ಲ, ಅಂಥವನ ಮುಂದೆ ದೇವರ ಕಟ್ಟಿನ ಮಾತು ಎತ್ತಿದ್ದಕ್ಕೆ.

ಬೀರಪ್ಪನ ಹಬ್ಬ ಎರಡು ಸಲ ಬಂದು ಹೋಯಿತು. ಕಥೆಗೆ ಧನ್ವಾಡದ ಕಡೆಯಿಂದ ಬೇರೆ ಕಥೆಗಾರನನ್ನು ಕರೆಸಿದರು. ತಾಯಪ್ಪ ಎಲ್ಲರ ಹಿಂದೆ, ಗುಡಿಯ ಗೋಡೆಗೆ ಒರಗಿ ಕೂತು ಕೇಳಿದ. ಆತ ಎರಡು ಕಡೆ ತಪ್ಪಿದ. ತಾಯಪ್ಪನ ಗಂಟಲ ತನಕ ಬಂದ ಸಾಲು ಅಲ್ಲೇ ನಿಂತು ನೋಯಿಸಿತು.

ಎರಡನೆಯ ಹಬ್ಬ ಮುಗಿದ ತಿಂಗಳಿಗೆ ಸಾಯಣ್ಣ ಹಾಸಿಗೆ ಹಿಡಿದ. ಕೊನೆಯ ದಿನ ತಾಯಪ್ಪನ ಕೈ ಹಿಡಿದುಕೊಂಡು ಮಕ್ಕಳ ಬಗ್ಗೆ ಕೇಳಲಿಲ್ಲ, ಮನೆಯ ಬಗ್ಗೆ ಕೇಳಲಿಲ್ಲ.

“ತಾಯಪ್ಪಾ, ಆ ಮಂದಿ ಸೇತುವಿ ದಾಟಿದ್ರೇನೋ?”

ದಾಟಿದರು ಅಂದುಬಿಟ್ಟರೆ ಆಗುತ್ತಿತ್ತು. ಸಾಯುವವನಿಗೆ ಒಂದು ಸುಳ್ಳು ಹೇಳಿದರೆ ಯಾವ ದೇವರೂ ಸಿಟ್ಟಾಗುತ್ತಿರಲಿಲ್ಲ. ಆದರೆ ನಲವತ್ತು ವರ್ಷ ತನ್ನ ಒಂದೊಂದು ಮಾತಿಗೂ ಹೂಂ ಅಂದವನಿಗೆ, ಕಾಣದ್ದನ್ನು ಕಂಡೆ ಅಂತ ಹೇಳಲು ತಾಯಪ್ಪನ ನಾಲಗೆ ಏಳಲಿಲ್ಲ.

“ನಾ ನೋಡಿಲ್ಲೋ ಸಾಯಣ್ಣ” ಅಂದ.

ಸಾಯಣ್ಣ ಹೂಂ ಅಂದ. ಆ ಹೂಂ ತಾಯಪ್ಪ ಅವತ್ತಿನ ತನಕ ಕೇಳಿರಲಿಲ್ಲ. ಮಣ್ಣು ಮಾಡಿ ಬಂದು, ಕೈಕಾಲು ತೊಳೆಯುವ ಮೊದಲೇ, ಗದ್ವಾಲದ ದಿಕ್ಕಿಗೆ ತಿರುಗಿ ಬಾಯಿಗೆ ಬಂದದ್ದನ್ನೆಲ್ಲ ಬೈದ. ಕುರುಮಮ್ಮ ತಡೆಯಲಿಲ್ಲ. ತಾನೂ ಎರಡು ಮಾತು ಸೇರಿಸಿದಳು.

ಎರಡು ಸಾವಿರದ ಹದಿನಾಲ್ಕು, ಜೂನ್ ಎರಡು. ತೆಲಂಗಾಣ ಬಂತು. ಹಬ್ಬವೇ ಹಬ್ಬ. ಊರಿನ ಶಾಲೆಯ ಬಯಲಿಗೆ ಪೆಂಡಾಲು ಹಾಕಿದರು. ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿ ಸಂಜೆ ಅಲ್ಲೇ ಸಮಾರಂಭ. ಹಿಂದಿನ ದಿನ ಕರಪತ್ರ ಬಂತು. ಮುಖ್ಯ ಅತಿಥಿ, ‘ಚಳವಳಿಯ ಕಷ್ಟದ ದಿನಗಳಲ್ಲಿ ಜನರ ಜೊತೆ ನಿಂತ’ ಅಂಜನಕುಮಾರ್ ಅವರು. ಅಖಿಲಾ ಅದನ್ನು ಜೋರಾಗಿ ಓದಿದಳು. ತಾಯಪ್ಪ ಇನ್ನೊಮ್ಮೆ ಓದಿಸಿದ.

“ನಿಂತಿದ್ದ, ಖರೇನ” ಅಂದ. “ಹೆಸರು ಬರ್ಕೊಳ್ಳಾಕ ನಿಂತಿದ್ದ.”

ಡೇರೆಯಲ್ಲಿ ಹಸಿದು ಕೂತವರಲ್ಲಿ ಒಬ್ಬರ ಹೆಸರೂ ಆ ಕರಪತ್ರದಲ್ಲಿರಲಿಲ್ಲ. ಅವನ ಪುಸ್ತಕದಲ್ಲಿ ಮಾತ್ರ ಎಲ್ಲರೂ ಇದ್ದರು. ಅವನಿಗೆ ಹಾರ, ಅವನಿಗೆ ಶಾಲು, ಅವನಿಗೆ ಸೋಫಾ. ಸಾಯಣ್ಣನಿಗೆ ಸ್ಮಶಾನದ ಮೂಲೆಯಲ್ಲಿ ಆರಡಿ ಮಣ್ಣು. ಇದನ್ನೇನಾ ನಾವು ಕೇಳಿದ್ದು?

ಸಮಾರಂಭದವರು ತಾಯಪ್ಪನ ಮನೆಗೂ ಬಂದರು. ಕಾರ್ಯಕ್ರಮದಲ್ಲಿ ಐದು ನಿಮಿಷ ಜಾನಪದ ಬೇಕಂತೆ. ಬೀರಪ್ಪನ ನಾಲ್ಕು ಸಾಲು ಹಾಡಬೇಕಂತೆ. ಕುರುಮಮ್ಮ ಬಾಗಿಲಲ್ಲೇ ಇಲ್ಲ ಅನ್ನುವವಳಿದ್ದಳು. ತಾಯಪ್ಪ ಒಳಗಿನಿಂದ ಬಂದ.

“ಬರ್ತೀನಿ. ಆದ್ರ ಮದ್ಲ ಅರ್ಧಕ್ಕ ನಿಂತ ಕಥಿ. ಸಾಹೇಬ್ರು ನನ್ನ ಕಂಬಳಿ ಮ್ಯಾಲ ಕುಂತು ಹೂಂ ಅನಬೇಕು.”

ಅಖಿಲಾ ತಲೆ ಎತ್ತಿದಳು. ಅವಳ ಮುಖದಲ್ಲಿ ಒಂದು ಸಣ್ಣ ನಗೆ ಇತ್ತು. “ಕುಂದ್ರಿಸು ಮಾವಾ. ಬಿಡಬ್ಯಾಡ, ಕುಂದ್ರಿಸು. ಡಿಸ್ಕು ನಾ ಎಂದೋ ತರಿಸಿಟ್ಟೀನಿ” ಅಂದಳು.

ಅಧಿಕಾರಿ ಒಪ್ಪುತ್ತಾನೆಂದು ಯಾರೂ ಎಣಿಸಿರಲಿಲ್ಲ. ಆದರೆ ಪೇಪರಿನವರು ಕ್ಯಾಮೆರಾ ಹಿಡಿದು ಬಂದಿದ್ದರು. ಕುರುಬನ ಕಂಬಳಿಯ ಮೇಲೆ ನೆಲಕ್ಕೆ ಕೂತ ಅಧಿಕಾರಿ! ಅಂಥ ಫೋಟೋ ಯಾರು ಬಿಡುತ್ತಾರೆ? ಅಂಜನಕುಮಾರ್ ಬೂಟು ಬಿಚ್ಚಿ, ಶಾಲು ಸರಿಮಾಡಿಕೊಂಡು, ಕಂಬಳಿಯ ಅಂಚಿಗೆ ಕೂತ. ಗದ್ವಾಲದಲ್ಲಿ ಬೆರಳು ತಿರುಗಿಸಿದ್ದು ಅವನಿಗೆ ನೆನಪೂ ಇರಲಿಲ್ಲ. ಕ್ಯಾಮೆರಾ ಮಿಂಚಿದವು.

ಚಾದರ ಕಟ್ಟಿದರು. ಅದೇ ಚಾದರ. ಕುರುಮಮ್ಮ ಅದನ್ನು ಒಗೆಯದೆ ಮಡಿಚಿಟ್ಟಿದ್ದಳು, ಮೂಲೆಯಲ್ಲಿ ಭಂಡಾರ ಇನ್ನೂ ಹಳದಿಯಾಗಿತ್ತು. ಸಾಯಣ್ಣನ ಡೊಳ್ಳನ್ನು ಅವನು ಕೂರುತ್ತಿದ್ದ ಜಾಗದಲ್ಲಿಟ್ಟರು. ಅಖಿಲಾ ಚಿತ್ರವನ್ನು ಓಡಿಸಿ ಓಡಿಸಿ ಸೇತುವೆಯ ಹತ್ತಿರ ತಂದು ನಿಲ್ಲಿಸಿದಳು. ಕೂಸು ಕಟ್ಟಿಕೊಂಡ ತಾಯಿ ಅಲ್ಲೇ ಇದ್ದಳು, ಎತ್ತಿದ ಹೆಜ್ಜೆ ಇನ್ನೂ ಇಟ್ಟಿರಲಿಲ್ಲ.

ತಾಯಪ್ಪ ಬಾಯಿ ತೆರೆದ. ಮೊದಲ ಸಾಲಿಗೆ ದನಿ ಒಡೆಯಿತು. ಎರಡನೆಯದಕ್ಕೆ ಹಳೆಯ ತಾಯಪ್ಪ ಸಿಕ್ಕ.

“ಹೂಂ” ಅಂದ ಅಂಜನಕುಮಾರ್, ಕ್ಯಾಮೆರಾದ ಕಡೆ ನೋಡುತ್ತ.

ಗುಂಡು ಹಾರಿದವು. ಮುಂದಿನ ಸಾಲು ಬಿತ್ತು, ಹಿಂದಿನವರು ಬಿದ್ದವರನ್ನು ಹೆಗಲಿಗೆ ಹಾಕಿಕೊಂಡರು. ತಾಯಿ ಬಿದ್ದಳು, ಕೂಸನ್ನು ಇನ್ನೊಬ್ಬಳು ಬೆನ್ನಿಗೆ ಕಟ್ಟಿಕೊಂಡಳು. ಹೂಂ. ಅವರು ನಡೆದೇ ನಡೆದರು. ಸಿಪಾಯಿಗಳ ಕೈ ಸೋತಿತು. ಮಂದಿ ಆ ದಂಡೆಗೆ ಕಾಲಿಟ್ಟರು.

ತಾಯಪ್ಪ ಪರದೆ ಬಿಟ್ಟು ಡೊಳ್ಳಿನ ಕಡೆ ತಿರುಗಿದ. “ದಾಟಿದ್ರೋ ಸಾಯಣ್ಣಾ” ಅಂದ. ಮೈಕು ಅದನ್ನು ಬಯಲಿಗೆಲ್ಲ ಹೇಳಿತು. ಹಿಂದೆ ಕೂತ ಗಂಡಸರೂ ಕಣ್ಣೊರೆಸಿಕೊಂಡರು, ಒರೆಸಿಕೊಳ್ಳದೆ ಏನು ಮಾಡುತ್ತಾರೆ?

ಚಿತ್ರ ಮುಂದೆ ಹೋಯಿತು. ಹಳೆಯ ಬಾವುಟ ಇಳಿಯಿತು, ಹೊಸದು ಏರಿತು. ದೊಡ್ಡ ಮೈದಾನ, ದೊಡ್ಡ ವೇದಿಕೆ. ಸೇತುವೆ ದಾಟಿದವರೆಲ್ಲ ಹಗ್ಗದ ಆಚೆ, ಬಿಸಿಲಿನಲ್ಲಿ ನಿಂತಿದ್ದರು. ಆ ಕೂಸನ್ನು ಕಟ್ಟಿಕೊಂಡವಳೂ ಅಲ್ಲೇ ನಿಂತಿದ್ದಳು. ವೇದಿಕೆಯ ನಡುವೆ ಯಾರೋ ಬಾವುಟಕ್ಕೆ ಸಲಾಮು ಹೊಡೆಯುತ್ತಿದ್ದ. ಕ್ಯಾಮೆರಾ ಹತ್ತಿರ ಹೋಯಿತು. ಹೊಸ ಕೋಟು, ಕೊರಳಲ್ಲಿ ಹಾರ. ಮುಖ ಮಾತ್ರ ಹಳೆಯದು.

ತಾಯಪ್ಪನೂ ಅದನ್ನು ನೋಡಿದ್ದು ಅದೇ ಮೊದಲು. ಅಖಿಲಾ ಕಿವಿಯಲ್ಲಿ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

“ಯಾರಿವ?” ತಾಯಪ್ಪ ನಿಧಾನಕ್ಕೆ ಕೇಳಿದ. “ಇವ ಪಟ್ವಾರಿ. ಹೆಸರು ಬರದು ಕೊಟ್ಟಾವ. ಅವನಿಗೇ ಹಾರ ಹಾಕ್ಯಾರ. ಸಾಹೇಬ್ರ, ಹೂಂ ಅನ್ರಿ.”

ಅಂಜನಕುಮಾರನ ಕೈ ತನ್ನ ಕೊರಳಿನ ಹಾರದ ಮೇಲೆ ಹೋಯಿತು. ಪೇಪರಿನವರಲ್ಲಿ ಒಬ್ಬ ಮುಂದೆ ಬಂದು ಬಗ್ಗಿದ.

“ಹೂಂ ಅನ್ರಿ ಸಾಹೇಬ್ರ. ಕಥಿ ನಿಮ್ಮ ಹೂಂ ಮ್ಯಾಲ ನಿಂತೈತಿ.”

ಅಧಿಕಾರಿ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಎದ್ದ. ಒಂದು ಬೂಟಿಗೆ ಕಾಲು ತೂರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಜೀಪಿನ ಕಡೆ ನಡೆದ. ಈ ಸಲ ವೈರು ಕೀಳಲು ಅವನಿಗೆ ಧೈರ್ಯವಾಗಲಿಲ್ಲ. ಅಲ್ಲಿಗೆ ಕಥೆ ಮತ್ತೆ ಮುರಿಯಿತು ಅಂತ ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ವರ್ಷ ಎಂಟು ತಿಂಗಳು ಕಾದದ್ದು ನೀರುಪಾಲಾಯಿತಲ್ಲ ಅಂದುಕೊಂಡಳು ಅಖಿಲಾ.

ತಾಯಪ್ಪ ಜೀಪಿನ ಕಡೆ ನೋಡಲಿಲ್ಲ. ಕೋಲೆತ್ತಿ ಪರದೆ ತೋರಿಸಿದ.

“ಎಲ್ಲಿಗಿ ಹೋದ? ಎಲ್ಲಿಗೂ ಹೋಗಿಲ್ಲ. ನೋಡ್ರಿ, ಕಥಿ ಒಳಗ ನಿಂತಾನ. ಇಲ್ಲಿಂದ ಎದ್ದು ಹೋಗಬಹುದು, ಅಲ್ಲಿಂದ ಹ್ಯಾಂಗ ಹೋಗ್ತಾನ? ಕಥಿ ಒಳಗಿನಾವ ಹೂಂ ಅನ್ನಾದಿಲ್ಲ, ಇನ್ನ ಅವನ ಹೂಂ ನನಗ ಬ್ಯಾಡ.”

ಹೆಂಗಸರ ನಡುವಿನಿಂದ ಒಂದು ದನಿ ಬಂತು. ಸಿನಿಮಾಕ್ಕೆ ಯಾರಾದರೂ ಭಂಡಾರ ಹಚ್ಚುತ್ತಾರೇನು ಅಂತ ಬೈದಿದ್ದ ಕುರುಮಮ್ಮನ ದನಿ.

“ಹೂಂ” ಅಂದಳು.

ಅವಳ ಪಕ್ಕದವಳು ಅಂದಳು. ಆಮೇಲೆ ಡೇರೆಯಲ್ಲಿ ಹಸಿದು ಕೂತಿದ್ದವರೆಲ್ಲ ಅಂದರು. ಹಗ್ಗದ ಆಚೆ ನಿಂತಿದ್ದ ಆ ನಾಡಿನ ಮಂದಿಯನ್ನು ತಾಯಪ್ಪ ಒಬ್ಬೊಬ್ಬರನ್ನಾಗಿ ಅವರವರ ಮನೆಗೆ ಮುಟ್ಟಿಸಿ, ಮಂಗಳ ಹಾಡಿ, ಚಾದರದ ಮೂಲೆಯ ಭಂಡಾರವನ್ನು ಹಣೆಗೆ ಹಚ್ಚಿಕೊಂಡ. ಸಮಾರಂಭದವರು ಐದು ನಿಮಿಷ ಎಂದೋ ಮುಗಿಯಿತೆಂದು ಕೈಸನ್ನೆ ಮಾಡುತ್ತಿದ್ದರು. ಅವನು ಕಂಬಳಿಯನ್ನು ಕೊಡವಿ ಮತ್ತೆ ಹಾಸಿ, ಬೀರಪ್ಪ ಹುಟ್ಟಿದ ಕಥೆಯನ್ನು ಮೊದಲಿನಿಂದ ತೆಗೆದ.